ದಾಮರಗಿದ್ದದ ಭಾನುವಾರಗಳು

"ಕೈ ತೆಗೀರಿ! ಮೊದ್ಲು ಕೈ ತೆಗೀರಿ ಅಲ್ಲಿಂದ!"

ತನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ನವನೀತಾ ಸ್ವತಃ ಎಣಿಸಿರಲಿಲ್ಲ.

ಮಗ್ಗುಲಾಗಿ ಮಲಗಿದ್ದ ಮಾಳಿಂಗಪ್ಪನ ಟೊಂಕಕ್ಕೆ ಎಣ್ಣೆ ಹಚ್ಚಿ ಉಜ್ಜುತ್ತಿದ್ದ ಯುವಕ ಬೆಚ್ಚಿಬಿದ್ದು ಎರಡೂ ಕೈ ಮೇಲೆತ್ತಿದ. ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ ಮಾಳಿಂಗಪ್ಪನ ಹೆಂಡತಿ ಪೆಂಟಮ್ಮ ಗಾಬರಿಯಿಂದ ಇಬ್ಬರ ಮುಖ ನೋಡಿದಳು.

"ಯಾಕ್ರಿ, ಏನಾತು? ಎಣ್ಣಿ ಹಚ್ಚಾಕತ್ತಿದ್ದೆ..."

"ಕೆಂಪಗಾದ ಕಡೆ ಉಜ್ಜಬಾರ್ದು! ಒಳಗಿನ ಚರ್ಮ ಹರೀತೈತಿ. ಇವತ್ತು ಹುಣಸಿ ಬೀಜದಷ್ಟಿರೋ ಗಾಯ ನಾಳೆ ಅಂಗೈಯಷ್ಟಾಗ್ತೈತಿ. ಗೊತ್ತಿಲ್ಲಂದ್ರ ಮುಟ್ಟಬಾರ್ದು!"

ಅವನಿಗೆ ಸಿಟ್ಟು ಬರುತ್ತದೆ ಎಂದುಕೊಂಡಳು. ಬರಲಿ! ತಾನು ಇವತ್ತೊಂದೇ ದಿನಕ್ಕೆ ಬಂದವಳು. ನಾಳೆ ತಾನ್ಯಾರು, ಇವನ್ಯಾರು...

ಆದರೆ ಅವನು ಮೆಲ್ಲಗೆ ಕೈ ಒರೆಸಿಕೊಂಡ.

"ಹೋದ ವಾರ ಈ ಗಾಯ ಇರ್ಲೇ ಇಲ್ರಿ. ನಂಗ ಖರೇನ ಗೊತ್ತಿಲ್ಲ. ಹೆಂಗ ಮಾಡ್ಬೇಕು, ನೀವ ತೋರಿಸ್ರಿ."

ಜಗಳಕ್ಕೆ ಸಿದ್ಧಳಾಗಿ ನಿಂತವಳಿಗೆ ಎದುರಿನವರು ಸೋತು ಕುಳಿತರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ನೋಡಿ.

"...ಆ ಕಡೆ ಭುಜ ಹಿಡೀರಿ," ಎಂದಳು ಕೊನೆಗೆ. "ಎಳೀಬ್ಯಾಡ್ರಿ. ಎತ್ರಿ."

ಇಬ್ಬರೂ ಸೇರಿ ಮಾಳಿಂಗಪ್ಪನನ್ನು ಮಗ್ಗುಲು ಬದಲಿಸಿದರು. ಎಷ್ಟು ಸಲೀಸಾಗಿ ಹೊರಳಿತು ಆ ಭಾರದ ಮೈ! ನವನೀತಾಳಿಗೆ ಗಂಟಲು ಬಿಗಿದು ಬಂತು. ಯಾಕೆಂದು ಯಾರಿಗೂ ಹೇಳಲಿಲ್ಲ.

ದಾಮರಗಿದ್ದ ಊರಿನ ಮಾಳಿಂಗಪ್ಪ ಜೀವನವಿಡೀ ಕುರಿಗಳ ಹಿಂದೆ ನಡೆದ ಮನುಷ್ಯ. ಒಂದು ಮುಂಜಾನೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ನಿಂತುಹೋಗಿದ್ದವು. ಮಗ ಬೀರಯ್ಯ ಬೆಳಗಾದರೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಉಳಿದದ್ದೆಲ್ಲ ಪೆಂಟಮ್ಮನ ಎರಡು ಕೈ. ಅಂಥ ಮನೆಗಳಿಗಾಗಿಯೇ ತೆಲುಗು ಗಡಿಯ ಪಟ್ಟಣ ನಾರಾಯಣಪೇಟೆಯ ನಿವೃತ್ತ ನರ್ಸ್ ಶಿವಬಸಮ್ಮ 'ಜೊತೆಗಾರರ ಬಳಗ' ಕಟ್ಟಿದ್ದರು. ಒಂಬತ್ತು ಜನ. ಭಾನುವಾರ ಬಂದರೆ ಹಾಸಿಗೆ ಹಿಡಿದವರ ಮನೆಗೆ ಹೋಗುವುದು, ಮೈ ಒರೆಸುವುದು, ಗಾಯ ತೊಳೆಯುವುದು, ನಾಲ್ಕು ಮಾತಾಡುವುದು. ಅಷ್ಟೇ.

ನವನೀತಾಳನ್ನು ಅವರು ಮೂರು ಸಲ ಕರೆದಿದ್ದರು. ಒಮ್ಮೆ ಹೋಗಿಬಂದರೆ ಇವರು ಕರೆಯುವುದು ನಿಲ್ಲುತ್ತದೆ ಎಂದು ಅವಳು ಬಂದಿದ್ದಳು. ಬರಲು ಅವಳಲ್ಲಿ ತ್ರಾಣವಾದರೂ ಎಲ್ಲಿತ್ತು? ನಾರಾಯಣಪೇಟೆಯ ಸೀರೆ ಅಂಗಡಿಯಲ್ಲಿ ವಾರಕ್ಕೆ ಆರು ದಿನ ನಿಂತೇ ಕೆಲಸ. ಬಿಚ್ಚಿ ತೋರಿಸುವುದು, ಮತ್ತೆ ಮಡಚುವುದು. ಸಂಜೆ ಮನೆಗೆ ಬಂದರೆ ಮೀನಖಂಡ ಕಲ್ಲಾಗಿರುತ್ತಿತ್ತು. ಖಾಲಿ ಮನೆ... ಅವ್ವ ತೀರಿಹೋಗಿ ಎರಡು ವರ್ಷ. ಅಣ್ಣ ಎಂಕಪ್ಪ ಹೆಂಡತಿ ಮಕ್ಕಳೊಂದಿಗೆ ಗದ್ವಾಲ್ ಆಚೆಯ ಶಾಂತಿನಗರದಲ್ಲಿ.

ಹೊರಡುವಾಗ ಆ ಯುವಕ ಕೇಳಿದ, "ನಾ ಬಾಲರಾಜ್ ಅಂತ್ರಿ. ಗದ್ವಾಲ್ ಬಸ್ಸಿನ ಕಂಡಕ್ಟರ್. ಮುಂದಿನ ವಾರ ಬರ್ತೀರಲ್ಲ?"

'ಇಲ್ಲ' ಎನ್ನಬೇಕೆಂದು ಬಾಯಿ ತೆರೆದಳು. ಮಂಚದ ಮೇಲಿನ ಮಾಳಿಂಗಪ್ಪ ಅವಳನ್ನೇ ನೋಡುತ್ತಿದ್ದ.

"ನೋಡೋಣ್ರಿ," ಎಂದುಬಿಟ್ಟಳು.

ಮುಂದಿನ ಭಾನುವಾರ ಬಂದಳು. ಅದರ ಮುಂದಿನದೂ ಬಂದಳು.

ಪೆಂಟಮ್ಮನಿಗೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದನ್ನು ಕಲಿಸಿದಳು. ಹಳೇ ಸೀರೆ ಮಡಚಿ ಮೆತ್ತೆ ಮಾಡಿ ಹಿಮ್ಮಡಿಯ ಕೆಳಗೆ ಇಟ್ಟಳು. ಬಾಲರಾಜ್ ಗಡ್ಡ ಹೆರೆಯುತ್ತಿದ್ದ. ಹೆರೆಯುತ್ತಲೇ ಬಸ್ಸಿನ ಕಥೆ!

"ಮೊನ್ನೆ ಒಬ್ಬಾಕಿ ಆಡಿನ ಮರಿ ತಂದಿದ್ಲು ಮಾಮ. ಇದಕ್ಕ ಟಿಕೆಟ್ ತಗೀಬೇಕಮ್ಮ ಅಂದ್ರ, ನಮಗ ಫ್ರೀ ಅಲ್ಲೇನು, ಇದೂ ಹೆಣ್ಣು ಅಂದ್ಲು. ನಾ ಬಗ್ಗಿ ನೋಡ್ದೆ... ಅದು ಗಂಡು, ಹೋತ!"

ಮಾಳಿಂಗಪ್ಪನ ಎಡಗಡೆಯ ತುಟಿ ಮೇಲೆದ್ದಿತು. ಲಕ್ವ ಹೊಡೆದ ಈ ಆರು ತಿಂಗಳಲ್ಲಿ ಮೊದಲ ನಗು. ಪೆಂಟಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು.

ಮರುವಾರ ಇನ್ನೊಂದು ಕಥೆಗೆ ನವನೀತಾಳೂ ನಕ್ಕಳು. ನಕ್ಕ ಮೇಲೆ ತನ್ನ ನಗು ತನಗೇ ಅಪರಿಚಿತವೆನಿಸಿತು. ಎಷ್ಟು ದಿನವಾಗಿತ್ತು!

ಭಾನುವಾರದ ಕೆಲಸವೂ ಮೈ ನೋಯಿಸುತ್ತಿತ್ತು, ಸುಳ್ಳಲ್ಲ. ಆದರೆ ಅಂಗಡಿಯ ದಣಿವು ಬೇರೆ, ಈ ದಣಿವು ಬೇರೆ. ಇದು ಮೈಯನ್ನಷ್ಟೇ ದಣಿಸಿ ಮನಸ್ಸನ್ನು ಸುಮ್ಮನೆ ಕೂರಿಸುತ್ತಿತ್ತು. ಸೋಮವಾರ ಸೀರೆ ಮಡಚುತ್ತ ನಿಂತಾಗ, 'ಗಾಯ ಇವತ್ತು ಎಷ್ಟಿರಬಹುದು' ಎಂಬ ಯೋಚನೆ ಬರುತ್ತಿತ್ತು. ಯಾರಿಗಾದರೂ ತಾನು ಬೇಕು ಎಂಬುದು ಇಷ್ಟು ಹಿತವೇ?

ಎಂಟನೆಯ ವಾರ, ದಾಮರಗಿದ್ದದಿಂದ ಹಿಂತಿರುಗುವ ಬಸ್ಸಿನಲ್ಲಿ ಬಾಲರಾಜ್ ಪಕ್ಕದ ಸೀಟಿನಲ್ಲಿದ್ದ.

"ಇಷ್ಟೆಲ್ಲಾ ಎಲ್ಲಿ ಕಲಿತ್ರಿ ನೀವು?"

ಎರಡು ವರ್ಷ ಯಾರಿಗೂ ಹೇಳದಿದ್ದ ಮಾತು ಹೊರಬಂತು.

"ಅವ್ವನ ಹತ್ರ... ಎಂಟು ತಿಂಗಳು ಮಲಗಿದ್ಲು. ನಾ ಒಬ್ಬಾಕಿನ. ಅಂಗಡಿಯಿಂದ ಬಂದು ಹೊರಳಿಸಾಕ ಹೋದ್ರ ಆಕಿ ಮೈ ಏಳ್ತಿದ್ದಿಲ್ರಿ. ದಣದು ಬಂದಿರ್ತಿದ್ದೆ... ಒಂದಿನ ಬಿಟ್ಟೆ. ಇನ್ನೊಂದಿನ ಬಿಟ್ಟೆ. ಗಾಯ ಆತು. ಆಗ ನಾನೂ ಎಣ್ಣಿ ಹಚ್ಚಿ ಉಜ್ಜಿದೆ. ದೊಡ್ಡದಾತು... ಆಮ್ಯಾಗ ದವಾಖಾನಿಯವ್ರು ಎಲ್ಲಾ ಹೇಳಿಕೊಟ್ರು. ಆದ್ರ ಅದು ಮುಚ್ಚಲೇ ಇಲ್ರಿ. ನನ್ನ ಕೈಯಿಂದನ ಆಗಿದ್ದು ಅದು..."

ಅವನು ಏನಾದರೂ ಹೇಳುತ್ತಾನೆಂದು ಕಾದಳು. ಬಾಯಿ ತುಂಬ ಮಾತಾಡುವ ಬಾಲರಾಜ್... ಮಾತಾಡಲಿಲ್ಲ. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ನಾರಾಯಣಪೇಟೆಯಲ್ಲಿ ಇಳಿಯುವವರೆಗೂ ಮತ್ತೆ ಇತ್ತ ತಿರುಗಲಿಲ್ಲ.

ನವನೀತಾ ಬಸ್ಸಿಳಿದು ಹಿಂದೆ ನೋಡದೆ ನಡೆದಳು. ಅಸಹ್ಯವಾಯಿತೇನೋ ಇವನಿಗೆ...

ಶನಿವಾರ ಶಿವಬಸಮ್ಮನ ಫೋನು.

"ನವನೀತಾ, ಇನ್ ಮ್ಯಾಗ ನೀ ಮಕ್ತಲ್ ಕಡೆ ಹೋಗವ್ವ. ಅಲ್ಲೊಬ್ರು ಮಾಸ್ತರ್ ಅದಾರ, ಪೇಪರ್ ಓದಿ ಹೇಳಿದ್ರ ಸಾಕು. ದಾಮರಗಿದ್ದಕ್ಕ ನಿನ್ನ ಕಳಿಸೋದು ಬ್ಯಾಡ ಅಂತ ಬಾಲರಾಜ್ ಹೇಳ್ದ."

"...ಬಾಲರಾಜ್ ಹೇಳಿದ್ರಾ?"

"ಹೂಂನವ್ವ. ಯಾಕಂದ್ರ..."

"ಸರಿ ಅಮ್ಮ," ಎಂದು ಫೋನಿಟ್ಟಳು. ಕಾರಣ ಕೇಳುವ ಅಗತ್ಯವೇ ಇರಲಿಲ್ಲ. ಅವಳಿಗೆ ಗೊತ್ತಿತ್ತು! ಅವ್ವನ ಮೈಗೆ ಗಾಯ ಮಾಡಿದ ಕೈ. ಅಂಥ ಕೈಯನ್ನು ಇನ್ನೊಬ್ಬರ ಮೈಗೆ ಯಾರು ಬಿಡುತ್ತಾರೆ?

ಎರಡು ಭಾನುವಾರ ಮಕ್ತಲ್‌ಗೆ ಹೋಗಿ ಪೇಪರ್ ಓದಿದಳು. ಮಾಸ್ತರರು ಒಳ್ಳೆಯವರೇ. ಆದರೆ ಅಕ್ಷರದ ಮೇಲೆ ಕಣ್ಣಿದ್ದರೂ ಮನಸ್ಸು ಇನ್ನೊಂದು ಮಂಚದ ಬಳಿ ಇರುತ್ತಿತ್ತು. ಮೂರನೆಯ ಭಾನುವಾರ ಹೋಗಲಿಲ್ಲ. ಬಾಗಿಲು ಮುಚ್ಚಿಕೊಂಡು ಗೋಡೆ ನೋಡುತ್ತ ಮಲಗಿದಳು. ಬಾಲರಾಜ್ ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ.

ಅದಾದ ಮಂಗಳವಾರ, ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು.

"ಪೆಂಟಮ್ಮತ್ತಿ! ನೀವಿಲ್ಲಿ... ಮಾಮಗೇನಾತು?"

"ಏನೂ ಆಗಿಲ್ಲವ್ವ. ಬೀರಯ್ಯನ್ನ ಕೂಡಿಸಿ ಬಂದೀನಿ." ಪೆಂಟಮ್ಮ ಸೆರಗಿನ ಗಂಟು ಬಿಚ್ಚಿ ಬೀರಪ್ಪ ದೇವರ ಭಂಡಾರದ ಅರಿಶಿನ ತೆಗೆದು ಅವಳ ಹಣೆಗೆ ಒತ್ತಿದಳು. "ಗಾಯ ಮುಚ್ಚೇತಿ."

"ಏನಂದ್ರಿ?"

"ಪೂರಾ ಮುಚ್ಚೇತಿ. ಹೊಸ ಚರ್ಮ ಬಂದೈತಿ, ಕೂಸಿನ ಕೆನ್ನೆ ಇದ್ದಂಗ. ನಿಂಗ ಹೇಳಾಕಂತನ ಬಂದೆ. ಇದು ನಿನ್ನ ಕೈಗುಣ."

ನವನೀತಾ ಸೀರೆಗಳ ನಡುವೆ ಕುಸಿದು ಕುಳಿತಳು. ಎರಡು ವರ್ಷ ಒಣಗಿದ್ದ ಕಣ್ಣು... ಗಿರಾಕಿಗಳು ನೋಡುತ್ತಿದ್ದರೂ ತಡೆಯಲಾಗಲಿಲ್ಲ.

"ಅಳಬ್ಯಾಡವ್ವ. ನಿಮ್ಮ ಮಾಮ ಭಾನುವಾರ ಬಂತಂದ್ರ ಬಾಗಿಲ ಕಡೆನ ನೋಡ್ತಾನ. ಮಾತಾಡ್ಸಾಕಾದ್ರೂ ಬರಬಾರ್ದೇನು ನೀನು?"

"ನಂಗ ಬರಬ್ಯಾಡ ಅಂದಾರ ಅತ್ತಿ... ಕಂಡಕ್ಟರ್."

ಪೆಂಟಮ್ಮ ಹಣೆ ಬಡಿದುಕೊಂಡಳು. "ಆ ಹುಚ್ಚಪ್ಪ! ಆತ ನಮ್ಮ ಮನ್ಯಾಗ ಕುಂತು ಏನಂದ ಗೊತ್ತೈತೇನು? 'ಆಕಿ ತನ್ನ ಪಾಲು ಆಗ್ಲೇ ಮಾಡ್ಯಾಳ ಅತ್ತಿ. ಇನ್ನೆಷ್ಟು ಗಾಯ ತೊಳೀಬೇಕು? ಇನ್ ನಾ ಮಾಡ್ತೀನಿ, ಆಕಿ ಜರಾ ಕುಂದರ್ಲಿ' ಅಂದ. ಈಗ ನೀ ಫೋನ್ ಎತ್ತವಲ್ಲಿ ಅಂತ ಮುಖ ಇಳಿ ಹಾಕ್ಕೊಂಡು ಕುಂದರ್ತಾನ. ನಿಮ್ಮಿಬ್ಬರಿಗೂ ಬುದ್ಧಿ ಇಲ್ಲ!"

ನವನೀತಾ ಕಣ್ಣೊರೆಸಿಕೊಂಡು ಅವಳ ಮುಖ ನೋಡಿದಳು. ಅಸಹ್ಯವಲ್ಲ... ಅನುಮಾನವಲ್ಲ... ತನ್ನ ದಣಿವನ್ನು ಒಬ್ಬ ಮನುಷ್ಯ ನೋಡಿದ್ದ!

ಅರ್ಧ ದಿನ ರಜೆ ಹೇಳಿ ಪೆಂಟಮ್ಮನನ್ನು ದಾಮರಗಿದ್ದದ ಬಸ್ಸು ಹತ್ತಿಸಿದಳು. ಆಮೇಲೆ ತಾನು ಎರಡು ಗಂಟೆಯ ಗದ್ವಾಲ್ ಬಸ್ಸು ಹತ್ತಿ ಕಂಡಕ್ಟರ್ ಸೀಟಿನ ಹಿಂದೆ ಕುಳಿತಳು.

"ಎಲ್ಲೀಗ್ರಿ?" ಮಷೀನು ನೋಡುತ್ತಲೇ ಕೇಳಿದ ಬಾಲರಾಜ್. ತಲೆ ಎತ್ತಿದವನು ಹಾಗೇ ನಿಂತುಬಿಟ್ಟ.

"ನೀವು ಎಲ್ಲೀತನಕ ಹೋಗ್ತೀರೋ ಅಲ್ಲೀತನಕ."

"...ಆಧಾರ್ ತೋರಿಸ್ರಿ." ಗದ್ವಾಲ್ ತನಕದ, ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟ.

ಮಕ್ತಲ್‌ನಲ್ಲಿ ಅರ್ಧ ಬಸ್ಸು ಇಳಿಯಿತು. ಜೂರಾಲ ಡ್ಯಾಂ ಮೇಲೆ ಬರುವಷ್ಟರಲ್ಲಿ ಉಳಿದವರೂ ತೂಕಡಿಸುತ್ತಿದ್ದರು. ಬಾಲರಾಜ್ ಬಂದು ಎದುರಿನ ಸೀಟಿನಲ್ಲಿ ಕುಳಿತ.

"ನನ್ನ ಪಾಲು ಮುಗದೈತಿ ಅಂತ ನೀವ್ಯಾಕ ತೀರ್ಮಾನ ಮಾಡಿದ್ರಿ?" ನವನೀತಾ ಕೇಳಿದಳು. ಸಿಟ್ಟು ಮಾಡಬೇಕೆಂದಿದ್ದಳು. ದನಿಯಲ್ಲಿ ಬರೀ ದಣಿವಿತ್ತು. "ವಾರದಾಗ ಒಂದಿನ ನಾ ಉಸಿರಾಡ್ತಿದ್ದ ಜಾಗ ಅದು. ಅದನ್ನೂ ಕಸಕೊಂಡ್ರಲ್ಲ..."

"ತಪ್ಪಾತ್ರಿ." ಅವನು ತಲೆ ತಗ್ಗಿಸಿದ. "ಗಾಯ ತೊಳಿಯೋವಾಗ ನಿಮ್ಮ ತುಟಿ ನಡುಗತಿತ್ತು, ವಾರಾ ವಾರಾ ನೋಡ್ತಿದ್ದೆ. ಬಸ್ಸಿನ್ಯಾಗ ನೀವು ಅವ್ವನ ಮಾತು ಹೇಳಿದ ಮ್ಯಾಗ ನಂಗ ತಡ್ಕಣಾಕ ಆಗ್ಲಿಲ್ಲ. ಅಳು ಬಂತು, ಅದಕ್ಕ ಮುಖ ತಿರುಗಿಸಿದೆ. ಕೇಳದನ ಮಾಡಿದ್ದು ನನ್ನ ತಪ್ಪು."

ಅವನು ಕಿಟಕಿಯಾಚೆ ಕೈ ತೋರಿಸಿದ.

"ಆ ಕಡೆ ಧರೂರು. ನಮ್ಮೂರು," ಎಂದ. "ನಮ್ಮಪ್ಪ ಐದು ತಿಂಗಳು ಅಲ್ಲಿ ಮಲಗಿದ್ದ. ನಾ ಏನ್ ಮಾಡ್ದೆ ಗೊತ್ತೈತೇನ್ರಿ? ಡಬಲ್ ಡ್ಯೂಟಿ ಕೇಳಿ ತಗೊಂಡೆ. ಫುರಸತ್ತಿಲ್ಲ ಅಂತ ಹೇಳಾಕ. ಆ ವಾಸನಿ, ಆ ಮೈ... ಹೆದರಿಕಿ ನಂಗ. ಎಲ್ಲಾ ನಮ್ಮಕ್ಕ ಸರಿತಾ ಮಾಡಿದ್ಲು. ಅಪ್ಪ ಹೋದ ದಿನಾನೂ ನಾ ಬಸ್ಸಿನ್ಯಾಗ ಇದ್ದೆ. ಒಂದ್ಸಲನೂ ಮುಟ್ಟಲಿಲ್ರಿ ಆತನ್ನ."

ನವನೀತಾ ಅವನನ್ನು ನೋಡಿದಳು. ನಗಿಸುವ ಬಾಲರಾಜನ ಒಳಗೆ ಇವನು ಇಷ್ಟು ದಿನ ಕುಳಿತಿದ್ದನೇ!

"ಆಮ್ಯಾಗ ಬಳಗಕ್ಕ ಬಂದೆ. ಪುಣ್ಯ ಅಂತಲ್ಲ. ಮಾಳಿಂಗಪ್ಪ ಮಾಮನ ಗಡ್ಡ ಹೆರೆಯೋವಾಗ ನಮ್ಮಪ್ಪನ್ನ ಮುಟ್ಟಿದಂಗ ಆಗ್ತೈತಿ. ನಾ ಕೊಡಾಕ ಹೋಗಿದ್ದಲ್ರಿ, ಇಸಕೊಳ್ಳಾಕ ಹೋಗಿದ್ದು."

"ನಾನೂ," ಎಂದಳು ಅವಳು, ಕೇಳಿಯೂ ಕೇಳದಷ್ಟು ಮೆಲ್ಲಗೆ.

"ಇನ್ನೊಂದು ಹೇಳ್ಲಿ? ಶಿವಬಸಮ್ಮ ಅಂತಾರ, ಒಬ್ಬರ ಕೈಲೆ ಹೊರಳಿಸೋದು ನರ್ಸಿಗೂ ಆಗೂದಿಲ್ಲಂತ. ನೀವೊಬ್ಬರೇ ಎಂಟು ತಿಂಗಳು ಮಾಡಿದ್ರಿ. ನಿಮ್ಮವ್ವಗ ಗಾಯ ಮಾಡಿದ್ದು ನಿಮ್ಮ ಕೈಯಲ್ರಿ. ಇನ್ನೊಂದು ಜೋಡಿ ಕೈ ಇರ್ಲಿಲ್ಲ, ಅಷ್ಟ."

ಆ ಮೊದಲ ದಿನ ಮಾಳಿಂಗಪ್ಪ ಸಲೀಸಾಗಿ ಹೊರಳಿದಾಗ ತನ್ನ ಗಂಟಲಿಗೆ ಬಂದು ನಿಂತದ್ದು ಇದೇ ಮಾತೆಂದು ಅವಳಿಗೆ ಈಗ ತಿಳಿಯಿತು. ಕಿಟಕಿಗೆ ತಲೆ ಆನಿಸಿ ಅತ್ತಳು. ಅವನು ತಡೆಯಲಿಲ್ಲ, ಎದ್ದೂ ಹೋಗಲಿಲ್ಲ.

ಗದ್ವಾಲ್ ಬಸ್‌ಸ್ಟ್ಯಾಂಡು. ಹಿಂದಿರುಗಲು ಅರ್ಧ ತಾಸು ಇತ್ತು. ಬಾಲರಾಜ್ ಎರಡು ಚಹಾ ತಂದ. ಕಲ್ಲುಬೆಂಚಿನ ಮೇಲೆ ಇಬ್ಬರೂ ಕಾಲು ಚಾಚಿ ಕುಳಿತರು. ಎದುರಿಗೆ ಬಸ್ಸುಗಳ ಹಾರನ್ನು, ಕೂಗು, ಧೂಳು.

"ಭಾನುವಾರ ದಾಮರಗಿದ್ದಕ್ಕ ಬರ್ತೀರಿ?"

"ಬರ್ತೀನಿ. ಮಧ್ಯಾಹ್ನ ಮಕ್ತಲ್ ಮಾಸ್ತರ್ ಹತ್ರನೂ ಹೋಗ್ಬೇಕು. ಪಾಪ, ಕಾಯ್ತಿರ್ತಾರ."

"ನಾನೂ ಬರ್ಲಿ?"

"ಪೇಪರ್ ಓದಾಕ ಬರ್ತೈತಿ?"

"ತೆಲುಗು ಓದ್ತೀನಿ. ಕನ್ನಡ ನೀವು ಓದ್ರಿ." ಅವನು ಕಪ್ಪನ್ನು ಕೆಳಗಿಟ್ಟ. ಎತ್ತಿಕೊಂಡ. ಮತ್ತೆ ಇಟ್ಟ. "ನವನೀತಾ... ಬರೀ ಭಾನುವಾರ ಅಲ್ರಿ. ಉಳಿದ ಆರು ದಿನಾನೂ ನಿಮ್ಮ ಜೊತಿ ಇರ್ಬೇಕು ಅನಸ್ತೈತಿ. ನೀವಂದ್ರ ನಂಗ ಭಾಳ ಇಷ್ಟ."

ಅವಳು ತನ್ನ ಕಪ್ಪನ್ನೂ ಕೆಳಗಿಟ್ಟಳು.

"ನಾ ಭಾಳ ದಣದೀನ್ರಿ," ಎಂದಳು. "ನಗೋದು ಕಮ್ಮಿ. ಮನೀಗೆ ಬಂದ್ರ ಮಾತಾಡಾಕೂ ಆಗೂದಿಲ್ಲ ಒಮ್ಮೊಮ್ಮೆ."

"ನಾನೂ ದಣದೀನಿ. ದಿನಕ್ಕ ಸಾವಿರ ಜನರ ಜೊತಿ ಮಾತಾಡಿ ಬರ್ತೀನಿ. ಮನ್ಯಾಗ ಸುಮ್ನ ಕುಂದ್ರೋಣು."

ನವನೀತಾ ತನ್ನ ಕೈಯನ್ನು ಅವನ ಕೈಯ ಮೇಲೆ ಇಟ್ಟಳು.

"ನಿಮ್ಮಣ್ಣಗ ಕೇಳ್ಬೇಕಲ್ಲ... ಶಾಂತಿನಗರಕ್ಕ ಯಾವಾಗ ಹೋಗ್ಲಿ?"

"ಅಣ್ಣಗ ಆಮ್ಯಾಗ. ಮೊದ್ಲು ನಂಗ ಹೇಳ್ರಿ."

"ಹೇಳಿದ್ನಲ್ರಿ ಈಗ!"

"ಆ ಹಾರನ್ ಗದ್ದಲದಾಗ ಸರಿಯಾಗಿ ಕೇಳಿಸ್ಲಿಲ್ಲ," ಎಂದಳು ಅವಳು, ತುಟಿಯಂಚಿನಲ್ಲಿ ನಗು ತಡೆಯುತ್ತ. "ಇನ್ನೊಮ್ಮೆ ಹೇಳ್ರಿ."

ಬಾಲರಾಜ್ ಅವಳ ಕಿವಿಯ ಬಳಿ ಬಾಗಿ ಇನ್ನೊಮ್ಮೆ ಹೇಳಿದ.