ಕಿಟಕಿಯ ಕೆಳಗಿನ ಖಾಲಿ ಪೆಟ್ಟಿಗೆ

"ಅದಕ್ಕೆ ಮಣ್ಣು ಹಾಕ್ಬೇಡಿ!"

ಶಾಲೆಯ ಹಿಂದಿನ ಜಾಗದಲ್ಲಿ ಮಣ್ಣಿನ ಬುಟ್ಟಿ ಬಗ್ಗಿಸಲು ಹೊರಟಿದ್ದ ಟೀಚರ್ ಬೆಚ್ಚಿಬಿದ್ದಳು. ಎಲ್ಲಿದ್ದನೋ ಏನೋ, ಒಬ್ಬ ಮನುಷ್ಯ ಓಡಿಬಂದು ಬುಟ್ಟಿಯ ಇನ್ನೊಂದು ಹಿಡಿಯನ್ನು ಬಿಗಿಯಾಗಿ ಹಿಡಿದುಬಿಟ್ಟಿದ್ದ. ತಲೆಗೂದಲ ತುಂಬ ಮರದ ಹೊಟ್ಟು.

"ಯಾಕೆ? ತರಕಾರಿ ಬೆಳೆಯೋಕೆ ತಾನೆ ಈ ಪೆಟ್ಟಿಗೆಗಳು?"

"ಉಳಿದ ಐದಕ್ಕೆ ಹಾಕಿ. ಇದು ಖಾಲಿ ಇರ್ಲಿ."

"ಕಾರಣ ಹೇಳಿ..."

"ಹೇಳೋಕಾಗಲ್ಲ ಮೇಡಂ."

ಬುಟ್ಟಿಯನ್ನು ಕಿತ್ತುಕೊಂಡು, ಪಕ್ಕದ ಪೆಟ್ಟಿಗೆಗೆ ಮಣ್ಣು ಸುರಿದು, ಹಿಂದಿರುಗಿ ನೋಡದೆ ಹೋದ. ಟೀಚರ್‌ಗೆ ಮೈಯೆಲ್ಲ ಉರಿಯಿತು. ಸ್ವಯಂಸೇವಕ ಅಂತ ಬಂದವರು ಸೇವೆ ಮಾಡಬೇಕು, ಅಪ್ಪಣೆ ಕೊಡಬಾರದು!

"ಯಾರು ಸಾರ್ ಆ ದೂರ್ವಾಸ ಮುನಿ?" ಪಕ್ಕದಲ್ಲಿ ಕಲ್ಲು ಆರಿಸುತ್ತಿದ್ದ ನಿವೃತ್ತ ಪೋಸ್ಟ್‌ಮ್ಯಾನ್‌ನನ್ನು ಕೇಳಿದಳು.

"ಮೆಲ್ಲಗೆ ಮಾತಾಡಮ್ಮ! ಬಡಗಿ ಅವನು. ಆರೂ ಪೆಟ್ಟಿಗೆ ಅವನೇ ಮಾಡಿಕೊಟ್ಟಿದ್ದು." ಮುದುಕ ದನಿ ತಗ್ಗಿಸಿದ. "ನಿನ್ನ ಕ್ಲಾಸಲ್ಲಿ ಗುಬ್ಬಿ ಇದ್ಲಲ್ಲ... ಅವಳ ಸೋದರಮಾವ."

ಟೀಚರ್ ಅವನು ಹೋದ ದಿಕ್ಕಿಗೆ ತಿರುಗಿ ನೋಡಿದಳು.

ಗುಬ್ಬಿ... ಮೂರನೇ ಕ್ಲಾಸು, ಕಿಟಕಿ ಪಕ್ಕದ ಮೊದಲನೇ ಬೆಂಚು. ಒಂದು ನಿಮಿಷ ಬಾಯಿ ಮುಚ್ಚದ ಹುಡುಗಿ. ಮೆದುಳು ಜ್ವರ ಬಂದು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಂದಿನಿಂದ ಆ ಕ್ಲಾಸಿನಲ್ಲಿ ಜಗಳವಿಲ್ಲ, ನಗುವಿಲ್ಲ. ಇಪ್ಪತ್ತಾರು ಮಕ್ಕಳು ಆಸ್ಪತ್ರೆಯಲ್ಲಿ ಸರದಿಗೆ ಕಾದವರಂತೆ ಕೈಕಟ್ಟಿ ಕೂರುತ್ತಿದ್ದರು. ಅದನ್ನು ನೋಡಲಾರದೆ ಟೀಚರ್ ಹೆಡ್‌ ಮೇಡಂ ಹತ್ತಿರ ಕಾಡಿ ಬೇಡಿ ಕಟ್ಟಡದ ಹಿಂದಿನ ಪಾಳು ಜಾಗ ಕೇಳಿದ್ದಳು. ಮಕ್ಕಳ ಕೈಯಲ್ಲಿ ಏನಾದರೂ ಚಿಗುರಲಿ ಎಂದು.

ಅವಳ ಬ್ಯಾಗಿನಲ್ಲಿ ಒಂದು ರಾಜೀನಾಮೆ ಪತ್ರ ಇರುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ತೋಟ ಒಂದು ದಡ ಸೇರಿದರೆ ಸಾಕು, ಪತ್ರ ಕೊಟ್ಟು ಹೋಗುವುದು. ಮತ್ತೆಂದೂ ಕ್ಲಾಸಿಗೆ ಕಾಲಿಡುವುದಿಲ್ಲ.

'ಟೀಚರ್, ತಲೆ ನೋಯ್ತಿದೆ...' ಎಂದಿದ್ದಳು ಗುಬ್ಬಿ, ಆ ಮಧ್ಯಾಹ್ನ.

'ಬೆಂಚ್ ಮೇಲೆ ತಲೆ ಇಟ್ಕೊಂಡು ಮಲಗು ಪುಟ್ಟ. ಬೆಲ್ ಆದ್ಮೇಲೆ ಹೋಗುವೆಯಂತೆ.'

ಭಾಗಾಕಾರದ ಪಾಠ ಮುಂದುವರಿದಿತ್ತು. ಬೆಲ್ ಆಯಿತು. ಎಲ್ಲರೂ ಎದ್ದರು, ಗುಬ್ಬಿ ಏಳಲಿಲ್ಲ.

ಈಗ ಆ ಖಾಲಿ ಪೆಟ್ಟಿಗೆ ಸರಿಯಾಗಿ ಅದೇ ಕಿಟಕಿಯ ಕೆಳಗಿದೆ! ಉಳಿದ ಐದಕ್ಕಿಂತ ಚಿಕ್ಕದು, ಪಾಠ ಮಾಡುತ್ತಾ ಕಿಟಕಿ ಹತ್ತಿರ ಬಂದರೆ ನೇರ ಕಣ್ಣಿಗೆ ಬೀಳುತ್ತದೆ.

'ಇವನಿಗೆ ಗೊತ್ತಾಗಿದೆ... ನಾನು ದಿನಾ ನೋಡಬೇಕು ಅಂತಲೇ ಇಟ್ಟಿದ್ದಾನೆ.'

ಶನಿವಾರಗಳು ಬಂದವು, ಹೋದವು. ಐದು ಪೆಟ್ಟಿಗೆಗಳಲ್ಲಿ ಟೊಮೆಟೊ ಸಸಿ, ಬೀನ್ಸ್, ಮೂಲಂಗಿ. ಪೋಸ್ಟ್‌ಮ್ಯಾನ್ ಮೂಲಂಗಿ ಬೀಜವನ್ನು ಒಂದೇ ಕಡೆ ಗುಡ್ಡೆ ಹಾಕಿ, "ಒಂಟಿಯಾಗಿದ್ರೆ ಬೇಜಾರಾಗಲ್ವೇನಮ್ಮ ಅದಕ್ಕೆ?" ಎಂದು ಸಮರ್ಥಿಸಿಕೊಂಡ. ಮಕ್ಕಳಲ್ಲಿ ಒಂದಿಬ್ಬರು ನಕ್ಕರು. ನಾಲ್ಕು ತಿಂಗಳ ಮೇಲೆ ಆ ನಗು ಕೇಳಿ ಟೀಚರ್‌ಗೆ ಅಳು ತಡೆಯಲಾಗಲಿಲ್ಲ, ನಲ್ಲಿಯ ಹತ್ತಿರ ಹೋಗಿ ಸುಮ್ಮನೆ ಮುಖ ತೊಳೆದುಕೊಂಡಳು.

ಬಡಗಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಪೆಟ್ಟಿಗೆಯ ಅಂಚುಗಳ ಮೇಲೆ ಅಂಗೈ ಸವರುತ್ತಾ, ಎಲ್ಲಾದರೂ ಸಿಬಿರು ತಗುಲಿದರೆ ಉಜ್ಜಿ ನಯ ಮಾಡುತ್ತಿದ್ದ. ಮಕ್ಕಳ ಎತ್ತರಕ್ಕೆ ಗುದ್ದಲಿಗಳ ಕಾವು ಕತ್ತರಿಸಿ ಕೊಟ್ಟ. ಒಂದು ಶನಿವಾರ ಟೀಚರ್‌ಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಮುಂದಿನ ವಾರ ಅವಳ ಗುದ್ದಲಿಯ ಕಾವಿಗೆ ಮೆತ್ತನೆಯ ಬಟ್ಟೆ ಸುತ್ತಿತ್ತು!

ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಆ ಗುದ್ದಲಿಯನ್ನು ಮಾತ್ರ ಬೇರೆ ಯಾರ ಕೈಗೂ ಕೊಡಲಿಲ್ಲ. ಶನಿವಾರಕ್ಕೆ ಕಾಯುತ್ತಿದ್ದೇನೆ ಎಂದು ತಿಳಿದು ಅವಳಿಗೇ ನಾಚಿಕೆಯಾಯಿತು... ಥೂ! ಅವನ ಮನೆಯ ದೀಪ ಆರಿಸಿದವಳು ನಾನು. ನನಗೆ ಇದೆಲ್ಲ ಬೇಕಾ?

ಆರನೇ ಶನಿವಾರ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಹೊರಟುಹೋದರು. ಸೋಮವಾರ ಪತ್ರ ಕೊಡುವುದೆಂದು ಅವಳು ನಿರ್ಧರಿಸಿಯಾಗಿತ್ತು. ಉಪಕರಣಗಳನ್ನು ಚೀಲಕ್ಕೆ ತುಂಬುತ್ತಿದ್ದ ಬಡಗಿಯ ಮುಂದೆ ಹೋಗಿ ನಿಂತಳು.

"ಬೈಯೋದಿದ್ರೆ ಬಾಯಿಬಿಟ್ಟು ಬೈದುಬಿಡಿ. ದಿನಾ ಆ ಪೆಟ್ಟಿಗೆ ನೋಡ್ಕೊಂಡು ಪಾಠ ಮಾಡೋಕೆ ನನ್ನಿಂದ ಆಗಲ್ಲ."

"ಬೈಯೋದಾ? ನಿಮ್ಮನ್ನ ಯಾಕೆ ಬೈಲಿ?"

"ತಲೆ ನೋವು ಅಂದ್ಲು... ನಾನು ಮಲಗು ಅಂದೆ! ಒಂದೂವರೆ ಗಂಟೆ, ನನ್ನ ಕಣ್ಣೆದುರಿಗೇ... ಮಣ್ಣು ಮಾಡೋ ದಿನ ನಿಮ್ಮ ಬೀದಿ ತಿರುವಿನ ತನಕ ಬಂದೆ. ಮುಖ ತೋರಿಸೋಕಾಗದೆ ವಾಪಸ್ ಹೋದೆ."

ಅವನು ಚೀಲ ಕೆಳಗಿಟ್ಟ. ಆಮೇಲೆ ನೆಲದ ಮೇಲೆ ಕುಸಿದು ಕೂತ.

"ಅವತ್ತು ಬೆಳಿಗ್ಗೆ ನನ್ ಹತ್ರಾನೂ ಹೇಳಿದ್ಳು ಮೇಡಂ. 'ಮಾಮ, ತಲೆ ನೋವು' ಅಂತ. ಅಕ್ಕ ಬೆಳಗಿನ ಪಾಳಿಗೆ ಹೋಗಿದ್ಲು, ರೆಡಿ ಮಾಡ್ತಿದ್ದದ್ದು ನಾನೇ. 'ಸ್ಕೂಲ್ ತಪ್ಪಿಸೋಕೆ ನಾಟಕ ಆಡ್ತೀಯಾ ಕಳ್ಳಿ?' ಅಂತ ನಕ್ಕೊಂಡು ಗೇಟ್ ತನಕ ಬಿಟ್ಟುಹೋದೆ."

"ಅಯ್ಯೋ..."

"ಬೇಗ ಬಂದಿದ್ರೆ ಉಳೀತಿದ್ಲಾ ಅಂತ ಡಾಕ್ಟ್ರನ್ನ ಕೇಳಿದೆ. ಅವ್ರು ತಲೆ ತಗ್ಗಿಸಿದ್ರು."

ಟೀಚರ್ ಕೂಡ ಅವನ ಪಕ್ಕ ಮಣ್ಣಿನಲ್ಲೇ ಕೂತಳು.

"ಹಾಗಾದ್ರೆ ಆ ಪೆಟ್ಟಿಗೆ...?"

"ಮೊದಲು ಮಾಡಿದ್ದು ಅದೇ. ಟೇಪು ಹಿಡೀಲಿಲ್ಲ, ಕೈಗೆ ಬಂದ ಅಳತೆಗೆ ಹಲಗೆ ಕೊಯ್ದೆ. ಅವಳ ಕಿಟಕಿ ಹತ್ರ ಇರ್ಲಿ ಅಂತ ತಂದಿಟ್ಟು, ಹಿಂದೆ ಸರಿದು ನೋಡಿದೆ..." ಅವನು ಎರಡೂ ಅಂಗೈ ಅಗಲಿಸಿ ಅಳತೆ ತೋರಿಸಿದ. "ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ. ಆ ಅಳತೇಲಿ ಅದಕ್ಕೂ ಮುಂಚೆ ನಾನು ಒಂದೇ ಒಂದು ಪೆಟ್ಟಿಗೆ ಮಾಡಿದ್ದು ಮೇಡಂ. ಮಣ್ಣು ಮಾಡೋ ದಿನ, ಅವಳಿಗೆ."

ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಷ್ಟರಲ್ಲಿ ನೀವು ಮಣ್ಣು ಹಾಕೋಕೆ ಬಂದ್ರಿ. ಇನ್ನೊಂದು ಸಲ ಅದರ ಮೇಲೆ ಮಣ್ಣು ಬೀಳೋದು ನೋಡೋಕೆ ಆಗ್ತಿರ್ಲಿಲ್ಲ. ಎತ್ತಿಕೊಂಡು ಹೋಗೋಣ ಅಂದ್ರೆ... ಎತ್ತೋಕೂ ಆಗ್ಲಿಲ್ಲ."

ಆರು ವಾರ! ಇಬ್ಬರೂ ಅದೇ ಪೆಟ್ಟಿಗೆಯನ್ನು ನೋಡಿ ನೋಡಿ ಬೇರೆ ಬೇರೆಯಾಗಿ ಸತ್ತಿದ್ದರು. ಟೀಚರ್ ಕಣ್ಣೊರೆಸಿಕೊಂಡು ಎದ್ದಳು.

"ಉದ್ದ ಮಾಡಿ ಅದನ್ನ."

"ಏನು?"

"ಮೂಲೆ ಬಿಚ್ಚಿ. ಉದ್ದ ಮಾಡಿ, ಅಗಲ ಮಾಡಿ. ಆ ಅಳತೆ ಹೋಗ್ಲಿ. ಹಲಗೆ ನಾನು ಹಿಡ್ಕೋತೀನಿ."

ಮೊದಲ ಸ್ಕ್ರೂ ಬಿಚ್ಚುವಾಗ ಅವನ ಕೈ ಎರಡು ಸಲ ಜಾರಿತು. ಅವಳು ಅವನ ಕೈಯ ಮೇಲೆ ತನ್ನ ಕೈ ಇಟ್ಟಳು, ತೆಗೆಯಲಿಲ್ಲ. ಉಳಿದಿದ್ದ ಹಲಗೆಗಳೆಲ್ಲ ಸೇರಿದವು. ಬಿಸಿಲು ಇಳಿಯುವ ಹೊತ್ತಿಗೆ ಪೆಟ್ಟಿಗೆ ಕಿಟಕಿಯಿಂದ ಗೋಡೆಯ ಕೊನೆಯವರೆಗೆ ಬೆಳೆದು, ಆರರಲ್ಲೇ ದೊಡ್ಡದಾಗಿತ್ತು.

ಕಳೆ ಏಳದಂತೆ ತಳಕ್ಕೆ ಹಳೆಯ ಪೇಪರ್ ಹಾಸಿದರು. ಒಂದು ಮೂಲೆಗೆ ಸಾಲಲಿಲ್ಲ. ಟೀಚರ್ ಬ್ಯಾಗಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು, ಬಿಡಿಸಿ, ಅಲ್ಲಿ ಹಾಸಿದಳು.

"ಏನದು?"

"ಸೋಮವಾರ ಕೊಡಬೇಕಿದ್ದ ರಾಜೀನಾಮೆ."

ಅವನು ಗಾಬರಿಯಿಂದ ಅವಳ ಮುಖ ನೋಡಿದ. "ಕೊಡಲ್ವಾ?"

"ಪೇಪರ್ ಕಡಿಮೆ ಬಿತ್ತಲ್ಲ..."

ಬುಟ್ಟಿಯ ಒಂದು ಹಿಡಿ ಅವನು ಹಿಡಿದ, ಇನ್ನೊಂದು ಅವಳು. ಮೊದಲ ಮಣ್ಣು ಬಿದ್ದಾಗ ಅವನು ಕಣ್ಣು ಮುಚ್ಚಿಕೊಂಡು ಅತ್ತ, ಬುಟ್ಟಿ ಮಾತ್ರ ಬಿಡಲಿಲ್ಲ. ಎಂಟನೇ ಬುಟ್ಟಿಗೆ ಕಣ್ಣು ತೆರೆದ.

"ಮೇಡಂ... ನೀವು ನಕ್ಕರೆ ಮೂಗು ಸುಕ್ಕಾಗುತ್ತೆ ಅಂತ ಗುಬ್ಬಿ ದಿನಾ ಹೇಳ್ತಿದ್ಳು. ಒಂದು ಸಲ ನೋಡ್ಬೇಕು ಅಂತ ಆರು ವಾರದಿಂದ ಕಾಯ್ತಾ ಇದೀನಿ."

"ತೋಟಕ್ಕೆ ಬರ್ತಿದ್ದದ್ದು ಅಲ್ವಾ?"

"ಮೊದಲನೇ ವಾರ ತೋಟಕ್ಕೆ. ಆಮೇಲೆ ನಿಮಗೋಸ್ಕರ."

ಕಣ್ಣೀರಿನ ನಡುವೆಯೇ ಅವಳ ಮೂಗು ಒಂದಿಷ್ಟು ಸುಕ್ಕಾಯಿತು.

"ಕಾಣಿಸ್ತಾ?"

"ಸರಿಯಾಗಿ ಕಾಣ್ಲಿಲ್ಲ. ಮುಂದಿನ ಶನಿವಾರ ಬರ್ಲಾ?"

"ಶನಿವಾರ ಯಾಕೆ?" ಟೀಚರ್ ಅವನ ಕೂದಲಿನಿಂದ ಹೊಟ್ಟು ತೆಗೆಯುತ್ತಾ ಹೇಳಿದಳು. "ನಾಳೆ ಬನ್ನಿ. ಬೀಜ ಹಾಕೋಣ. ಆಮೇಲೆ ದಿನಾ ನೀರು ಬೇಕು."