ಮಧ್ಯಾಹ್ನದ ನಿದ್ದೆ ಕೆಡಿಸಿದವಳು

"ನನ್ನ ಮೊಲಕ್ಕೆ ಏನ್ ಮಾಡಿದ್ರಿ?"

ನಮಸ್ಕಾರವಿಲ್ಲ, ಪೀಠಿಕೆಯಿಲ್ಲ. ಬಾಗಿಲು ತೆರೆದವಳ ಎದುರಿಗೆ ಎದೆಗವಚಿಕೊಂಡ ಮೊಲದ ಮರಿ, ನಿದ್ದೆಗೆಟ್ಟು ಕೆಂಪಾದ ಎರಡು ಕಣ್ಣು, ಮತ್ತು ಈ ಪ್ರಶ್ನೆ!

ಇವನೇ ಇರಬೇಕು, ಕೆಳಗಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಡ್ರೈವರ್. ರಾತ್ರಿಯೆಲ್ಲ ಬಸ್ಸು ಓಡಿಸಿ ಹಗಲು ಮಲಗುವವನು. ಬಂದ ವಾರದಲ್ಲೇ ಅವನನ್ನು ಸ್ವಲ್ಪ ದಿನ ಬೇರೆ ಡಿಪೋಗೆ ಕಳಿಸಿದ್ದರು. ಹೋಗುವಾಗ ಮರಿಯನ್ನು ಮೇಲಿನ ಮನೆಯ ಅಮ್ಮನಿಗೆ ಒಪ್ಪಿಸಿದ್ದ. ಅಮ್ಮ "ಅದಕ್ಕೇನಪ್ಪ!" ಅಂತ ಧಾರಾಳವಾಗಿ ಒಪ್ಪಿಕೊಂಡು, ತಂದು ಬಿಟ್ಟಿದ್ದು ಮಗಳ ಹೊಲಿಗೆ ಮೆಷಿನ್ ಪಕ್ಕಕ್ಕೆ. ಈಗಷ್ಟೇ ಅದನ್ನು ವಾಪಸ್ ಕೊಟ್ಟು ಬಂದಿದ್ದರು. ಅಷ್ಟರಲ್ಲೇ ಈ ಗಲಾಟೆ.

"ನಾನೇನ್ ಮಾಡಿದೆ? ಹೊತ್ತು ಹೊತ್ತಿಗೆ ಹುಲ್ಲು, ನೀರು, ಎಲ್ಲಾ ಇಟ್ಟಿದ್ದೀನಿ!"

"ಮೂಳೆ ಕೈಗೆ ಸಿಗ್ತಿದೆ. ಮುಟ್ಟಿದ್ರೆ ಬೆಚ್ಚಿ ಬೀಳತ್ತೆ. ಇದು ಮಲಗಿದ್ದು ಯಾವಾಗ, ಹೇಳಿ?"

"ಅದು ಮಲಗೋದೇ ಇಲ್ಲ! ಕಣ್ಣು ಬಿಟ್ಕೊಂಡು ಕೂತಿರತ್ತೆ. ಇಲ್ಲಾಂದ್ರೆ... ಇದ್ದಕ್ಕಿದ್ದ ಹಾಗೆ ಧೊಪ್ ಅಂತ ಪಕ್ಕಕ್ಕೆ ಬಿದ್ದು, ಕಾಲು ಚಾಚಿ... ಸತ್ತ ಹಾಗೆ..."

"ಆಗ?"

"ಎಬ್ಬಿಸ್ತೀನಿ."

"ಪ್ರತಿ ಸಲಾನೂ?"

ಅವಳು ಹೌದೆಂದು ತಲೆಯಾಡಿಸಿದಳು.

"ಅಯ್ಯೋ, ಅದೇ ರೀ ಅದರ ನಿದ್ದೆ! ಮೊಲ ಕಣ್ಣು ಬಿಟ್ಕೊಂಡೂ ಮಲಗತ್ತೆ. ಮೂಗು ಆಡ್ಸೋದು ನಿಲ್ಸಿದ್ರೆ ಗಾಢ ನಿದ್ದೆ ಅಂತ. ಹಾಗೆ ಧೊಪ್ ಅಂತ ಬೀಳೋದು, ಇಲ್ಲಿ ನನಗೇನೂ ಭಯ ಇಲ್ಲ ಅಂತ ಧೈರ್ಯ ಬಂದಾಗ. ಮರಿ ಇದು, ಹಗಲೆಲ್ಲ ತುಂಡು ತುಂಡಾಗಿ ಮಲಗತ್ತೆ. ಆ ತುಂಡನ್ನೂ ನೀವು ಬಿಟ್ಟಿಲ್ಲ!"

ಅಂದರೆ... ಅದಕ್ಕೆ ನನ್ನ ಹತ್ತಿರ ಭಯವಿರಲಿಲ್ಲ. ಭಯ ಕಲಿಸಿದ್ದು ನಾನೇ!

ಅವಳ ಕಣ್ಣು ತುಂಬಿತು. ಅದನ್ನು ಕಂಡಿದ್ದೇ ತಡ, ಅವನ ದನಿ ಇಳಿಯಿತು.

"ಸಾರಿ... ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಸಂಜೆ ಬಂದು ನೋಡಿ. ಆಗ ಎದ್ದಿರತ್ತೆ."

ಜಗಳಕ್ಕೆ ಬಂದವನು ಮನೆಗೆ ಕರೆದು ಹೋದ. ಡ್ರೈವರುಗಳು ದಾರಿ ತಪ್ಪುವುದಿಲ್ಲ ಅಂತ ಯಾರು ಹೇಳಿದ್ದು?

ಅವಳು ಆ ಸಂಜೆ ಹೋದಳು. ಮರುದಿನವೂ ಹೋದಳು. ಅವನು ಮರಿಯನ್ನು 'ದೊರೆ' ಅನ್ನುತ್ತಿದ್ದ. ಹೊತ್ತು ಇಳಿಯುವ ಸಮಯಕ್ಕೆ ದೊರೆಗೆ ಮೈಯಲ್ಲಿ ದೆವ್ವ ಹೊಕ್ಕ ಹಾಗೆ! ಕೋಣೆಯಿಂದ ಕೋಣೆಗೆ ನೆಗೆತ, ಗಾಳಿಯಲ್ಲೇ ಒಂದು ತಿರುವು. ಅವನು ಡ್ಯೂಟಿ ಅಂಗಿ ಇಸ್ತ್ರಿ ಮಾಡುತ್ತಾ ನಗುತ್ತಿದ್ದ.

"ಇದೂ ನಾನೂ ಒಂದೇ ಪಾಳಿ. ಹಗಲು ಸತ್ತಿರ್ತೀವಿ, ಸಂಜೆ ಜೀವ ಬರತ್ತೆ."

"ಸತ್ತಿರ್ತೀವಿ ಅನ್ನಬೇಡಿ!" ಅವಳು ಥಟ್ಟನೆ ಅಂದಳು.

"ಮಾತಿಗೆ ಅಂದೆ ರೀ, ಟೈಲರ್ ಮೇಡಂ!"

ಅವಳು ನಗಲಿಲ್ಲ.

ಅವಳ ಮನಸ್ಸು ಅವನ ಕಡೆ ಜಾರಿತ್ತು. ಆದರೆ ಅವಳ ಮಟ್ಟಿಗೆ ಪ್ರೀತಿ ಬಂದರೆ ಭಯ ಕರೆಯದೆಯೇ ಹಿಂದೆ ಬರುತ್ತಿತ್ತು. ಅದಕ್ಕೊಂದು ಕಾರಣವಿತ್ತು.

ಕೆಲವು ವರ್ಷದ ಹಿಂದೆ ಒಂದು ಮಧ್ಯಾಹ್ನ, ಊಟ ಮುಗಿಸಿ ಅಪ್ಪ ಮಲಗಿದ್ದರು. ಮೆಷಿನ್ ಸದ್ದಿಗೆ ಎಚ್ಚರವಾದೀತು ಅಂತ ಕೋಣೆಯ ಬಾಗಿಲು ಮುಚ್ಚಿದ್ದು ಅವಳೇ. ಅಪ್ಪನನ್ನು ನೋಡಲು ಬಂದ ಸ್ನೇಹಿತರನ್ನು "ಮಲಗಿದ್ದಾರೆ, ಆಮೇಲೆ ಬನ್ನಿ" ಅಂತ ವಾಪಸ್ ಕಳಿಸಿದ್ದೂ ಅವಳೇ. ಸಂಜೆ ಕಾಫಿ ಹಿಡಿದು ಒಳಗೆ ಹೋದಾಗ ಅಪ್ಪನ ಕೈ ತಣ್ಣಗಿತ್ತು.

ಒಂದೇ ಒಂದು ಸಲ ಎಬ್ಬಿಸಿದ್ದರೆ...

ಅಂದಿನಿಂದ ಅವಳ ಕಣ್ಣೆದುರು ಯಾರೂ ಹಗಲಲ್ಲಿ ಮಲಗುವಂತಿರಲಿಲ್ಲ. ಮಗಳ ಸಂಕಟ ನೋಡಲಾರದೆ ಅಮ್ಮ ಮಧ್ಯಾಹ್ನದ ನಿದ್ದೆಯನ್ನೇ ಬಿಟ್ಟಿದ್ದರು. ಆದರೆ ಕೆಳಗಿನ ಮನೆಯವನು ಪ್ರತಿದಿನ ಮಧ್ಯಾಹ್ನ ಒಳಕೋಣೆಯಲ್ಲಿ, ಬಾಗಿಲು ಮುಚ್ಚಿ, ಅಪ್ಪನ ಹಾಗೆಯೇ ಮಲಗುತ್ತಿದ್ದ!

ಮೊದಲ ದಿನ ಉಪ್ಪು ಕೇಳುವ ನೆಪ. ಆಮೇಲೆ ನಲ್ಲಿ ನೀರಿನ ನೆಪ. ಆಮೇಲೆ ದೊರೆಗೆ ಸೊಪ್ಪು ತಂದ ನೆಪ. ಬಾಗಿಲು ಬಡಿಯುವಳು, ಅವನು ಕಣ್ಣುಜ್ಜಿಕೊಳ್ಳುತ್ತಾ ಬಂದು ತೆರೆಯುವನು. ಇದ್ದಾನೆ! ಅಷ್ಟು ಸಾಕು, ಮೇಲೆ ಬಂದು ಮೆಷಿನ್ ತುಳಿಯುವಳು. ಅವನು ಮತ್ತೆ ಮಲಗಲು ಒದ್ದಾಡುವುದು ಅವಳಿಗೆ ಕಾಣುತ್ತಿರಲಿಲ್ಲ. ಪಾಪ, ಸಂಕೋಚಕ್ಕೆ ಅವನೂ ಹೇಳಲಿಲ್ಲ.

"ಪ್ರೀತಿ ಇದ್ರೆ ಸಂಜೆ ಹೋಗು ತಾಯಿ," ಅಂದರು ಅಮ್ಮ. "ನಾನೇನೋ ನಿದ್ದೆ ಬಿಟ್ಟೆ. ಅವನು ಬಿಡೋಕಾಗತ್ತಾ?"

ಅವಳು ಕೇಳಿಸಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಅವನು ಡ್ಯೂಟಿಯಿಂದ ಸೀದಾ ಮೇಲಕ್ಕೇ ಬಂದ. ಮುಖದಲ್ಲಿ ರಕ್ತವಿರಲಿಲ್ಲ.

"ಬೆಳಗಿನ ಜಾವ ನನ್ನ ಕಣ್ಣು ಮುಚ್ಚಿಹೋಯ್ತು. ಕಂಡಕ್ಟರ್ ಕೂಗೋ ಹೊತ್ತಿಗೆ ಬಸ್ಸು ರಸ್ತೆ ಬಿಟ್ಟು ಇಳಿದಿತ್ತು. ಯಾರಿಗೂ ಏನೂ ಆಗ್ಲಿಲ್ಲ. ಆಗಬಹುದಿತ್ತು."

ಅವಳ ಕೈಯಿಂದ ಕತ್ತರಿ ಜಾರಿತು.

"ಬಸ್ ತುಂಬಾ ಜನ ನನ್ನ ನಂಬ್ಕೊಂಡು ಹಿಂದೆ ಮಲಗಿರ್ತಾರೆ ರೀ! ಮೊದಲು ಮರಿ, ಈಗ ನಾನು... ಇನ್ನೊಬ್ರ ನಿದ್ದೆ ಕಂಡ್ರೆ ನಿಮಗಾಗಲ್ವಾ? ಇರಲಿ. ಬೇರೆ ಮನೆ ನೋಡ್ಕೋತೀನಿ."

ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವನು ಮೆಲ್ಲಗೆ ಹೇಳಿ ಇಳಿದುಹೋದ.

ಅರ್ಧ ದಿನ ಅತ್ತು ಅವಳು ಕೆಳಗೆ ಹೋದಾಗ ಬಾಗಿಲು ತೆರೆದೇ ಇತ್ತು. ಅವನು ಪಾತ್ರೆಗಳನ್ನು ಡಬ್ಬಕ್ಕೆ ತುಂಬುತ್ತಿದ್ದ, ತಿರುಗಿ ನೋಡಲಿಲ್ಲ. ಅವಳು ಹೊಸ್ತಿಲಲ್ಲೇ ನಿಂತಳು. ಕಿಟಕಿಯ ಬಿಸಿಲಲ್ಲಿ ಕೂತಿದ್ದ ದೊರೆ ಒಮ್ಮೆ ಆಕಳಿಸಿತು. ಆಮೇಲೆ... ಧೊಪ್!

"ಅಯ್ಯೋ!"

ಅವಳು ಓಡಿ ಮಂಡಿಯೂರಿದಳು. ಚಾಚಿದ ಕೈ ಮರಿಯ ಮೈ ತಾಗುವಷ್ಟರಲ್ಲಿ ನಿಂತಿತು. ಆ ಕೈಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

ಕೂಗು ಕೇಳಿ ತಿರುಗಿದವನು ನೋಡುತ್ತಲೇ ಇದ್ದ. ಇದು ಹುಡುಗಾಟವಲ್ಲ... ಇದು ಜೀವಭಯ!

"ನಿದ್ದೆ ಬಂದಿದೆ ಅಷ್ಟೆ," ಅಂದ ಮೆತ್ತಗೆ.

"ಗೊತ್ತು... ಗೊತ್ತಿದ್ರೂ ಆಗಲ್ಲ. ನಮ್ಮಪ್ಪಾನೂ ಮಲಗಿದ್ದಾರೆ ಅಂತಲೇ ಅಂದ್ಕೊಂಡಿದ್ದೆ..."

ಅಳುತ್ತಲೇ ಎಲ್ಲ ಹೇಳಿದಳು. ಮುಚ್ಚಿದ ಬಾಗಿಲು, ವಾಪಸ್ ಕಳಿಸಿದ ಸ್ನೇಹಿತರು, ಆರಿಹೋದ ಕಾಫಿ. ಅವನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಎದುರಿಗೇ ಕೂತುಬಿಟ್ಟ.

"ಅಂದ್ರೆ ನನ್ನ ಬಾಗಿಲು ಬಡೀತಿದ್ದಿದ್ದು... ನಾನು ಬದುಕಿದೀನಾ ಅಂತ ನೋಡೋಕಾ?"

"ಹೂಂ."

"ಉಪ್ಪು?"

"ಮನೇಲಿ ಡಬ್ಬಿ ತುಂಬಾ ಇದೆ."

ಅವನಿಗೆ ನಗು ಬಂದುಬಿಟ್ಟಿತು. ಎದ್ದು, ಆ ಮುಂದಿನ ಕೋಣೆಯಲ್ಲೇ ಚಾಪೆ ಹಾಸಿದ.

"ರಾತ್ರಿ ಡ್ಯೂಟಿ ಇದೆ, ಮಲಗ್ಲೇಬೇಕು. ಬಾಗಿಲು ತೆಗೆದೇ ಇರ್ಲಿ. ನೀವು ಇಲ್ಲೇ ಕೂತ್ಕೊಂಡು ನೋಡ್ತಿರಿ. ಎಬ್ಬಿಸ್ಬೇಡಿ."

"ನನ್ನ ಕೈಲಾಗಲ್ಲ!"

"ಆಗ್ಲಿಲ್ಲಾಂದ್ರೆ ನಾನು ಈ ಮನೇಲಿ ಇರೋಕಾಗಲ್ಲ. ಸಿಟ್ಟಿಗೆ ಹೇಳ್ತಿಲ್ಲ. ನನಗೆ... ಹೋಗೋಕೆ ಇಷ್ಟಾನೂ ಇಲ್ಲ."

ಹೇಳಿ ಮಗ್ಗುಲಾದ. ಕ್ಷಣದಲ್ಲಿ ನಿದ್ದೆ ಬಂದುಬಿಟ್ಟಿತು, ಅಷ್ಟು ದಣಿದಿದ್ದ.

ಮನೆ ಸ್ತಬ್ಧವಾಯಿತು. ಅದೇ ಮಧ್ಯಾಹ್ನ, ಅದೇ ಮೌನ! ಅವಳು ಗೋಡೆಗೊರಗಿ ಕೂತಳು. ಉಸಿರಾಡ್ತಿದ್ದಾನಾ? ಅಂಗಿ ಅಲುಗಿತಾ, ಫ್ಯಾನ್ ಗಾಳಿಗಾ? ಒಂದು ಸಲ ಮುಟ್ಟಿ ನೋಡಿದರೆ... ಒಂದೇ ಸಲ... ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿದಳು. ಕೈ ಹೋಗಿಯೇ ಬಿಟ್ಟಿತ್ತು, ಅಷ್ಟರಲ್ಲಿ—

ಗೊರ್ರ್ರ್!

ಬೆಚ್ಚಿಬಿದ್ದಳು. ಇನ್ನೊಂದು ಸಲ. ಮತ್ತೊಂದು ಸಲ. ಇಡೀ ಮನೆಗೆ ಕೇಳುವ ಗೊರಕೆ! ಅವಳು ಬಾಯಿಗೆ ಸೆರಗೊತ್ತಿ ನಕ್ಕಳು, ನಗುತ್ತಲೇ ಬಿಕ್ಕಿದಳು. ನಡುವೆ ಸದ್ದು ನಿಂತಾಗೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ಆದರೂ ಕೂತಳು. ಬಿಸಿಲು ಗೋಡೆ ಹತ್ತಿ ಮಾಯವಾಗುವವರೆಗೂ ಕೂತೇ ಇದ್ದಳು.

ಸಂಜೆಗೆ ದೊರೆ ಮೈಮುರಿದು ಎದ್ದಿತು. ಒಂದೇ ನೆಗೆತಕ್ಕೆ ಅವನ ಹೊಟ್ಟೆಯ ಮೇಲೆ!

"ನಾನಲ್ಲ! ಎಬ್ಬಿಸಿದ್ದು ನಾನಲ್ಲ!" ಅವಳು ಗಾಬರಿಯಿಂದ ಕೂಗಿದಳು.

ಅವನು ಕಣ್ಣು ಬಿಟ್ಟು, ಕತ್ತಲಾಗುತ್ತಿದ್ದ ಕಿಟಕಿ ನೋಡಿದ. ಅವಳನ್ನು ನೋಡಿದ.

"ಇಷ್ಟು ಹೊತ್ತೂ ಕೂತಿದ್ರಾ?... ಗೊರಕೆ ಹೊಡೆದ್ನಾ?"

"ಗರಗಸ ಎಳೆದ ಹಾಗೆ."

ಅವನು ನಾಚಿಕೊಂಡ. "ಈ ಸದ್ದು ಕೇಳ್ಕೊಂಡು ಯಾವ ಹೆಣ್ಣೂ ಬಾಳಲ್ಲ ಅಂತಾಳೆ ನಮ್ಮಕ್ಕ."

"ನಿಮ್ಮಕ್ಕನಿಗೇನ್ ಗೊತ್ತು?" ಅವಳ ದನಿ ಒಡೆಯಿತು. "ಆ ಸದ್ದು ನಿಂತ್ರೆ ನಾನು ಬಾಳಲ್ಲ."

ಅವನು ಮೆಲ್ಲಗೆ ಅವಳ ಕೈ ಹಿಡಿದ.

"ಭಯ ಹೋಯ್ತಾ?"

"ಇಲ್ಲ... ಅಷ್ಟು ಬೇಗ ಹೋಗಲ್ಲ."

"ಪರವಾಗಿಲ್ಲ. ಬಾಗಿಲ ಆಚೆ ನಿಂತು ಬಡಿಯೋದು ಬೇಡ, ಒಳಗೇ ಬಂದ್ಬಿಡಿ. ನಾಳೆ ಬೆಳಿಗ್ಗೆ ಬಂದ ತಕ್ಷಣ ನಿಮ್ಮಮ್ಮನ್ನ ಕೇಳ್ಲಾ?"

ಅವಳು ಕಣ್ಣೊರೆಸಿಕೊಂಡು ಬೇಡವೆಂದು ತಲೆಯಾಡಿಸಿದಳು. ಅವನ ಮುಖ ಬಾಡುವಷ್ಟರಲ್ಲಿ ಹೇಳಿದಳು:

"ಬಂದ ತಕ್ಷಣ ಬೇಡ. ಮೊದಲು ನಿದ್ದೆ ಮಾಡಿ... ಸಂಜೆ ಕೇಳಿ."