ಕಲ್ಲವ್ವನ ಹಣೆಗೆ ಗ್ರಹಿಕೆಪಟ್ಟಿ

ಓದುಫಲಕ ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು. ಹೃದಯದ ಕವಾಟಗಳ ಚಿತ್ರ ಅರ್ಧಕ್ಕೇ ಮಾಯವಾಗಿ, ‘ಸಾಕು, ಎದ್ದು ಓಡಾಡಿ’ ಎಂಬ ಹಸಿರು ಅಕ್ಷರಗಳು ಮೂಡಿದವು. ನೀಲಾಂಬಿಕೆ ಹಣೆಗೆ ಕಟ್ಟಿದ್ದ ಪಟ್ಟಿಯನ್ನು ಕಿತ್ತು ಮಂಚದ ಮೇಲೆ ಎಸೆದಳು.

ಅದು ಗ್ರಹಿಕೆಪಟ್ಟಿ. ಓದಿದ್ದು ಮಿದುಳಿನಲ್ಲಿ ನೆಲೆಯೂರುವಾಗ ನವಿರಾದ ಒಂದು ಅಲೆ ಏಳುತ್ತದೆ. ದಣಿದ ಮೇಲೆ ಕಣ್ಣು ಸಾಲುಗಳ ಮೇಲೆ ಓಡುತ್ತಿದ್ದರೂ ಆ ಅಲೆ ಏಳುವುದಿಲ್ಲ. ಅಲೆ ತಗ್ಗಿದೊಡನೆ ಪಟ್ಟಿ ಫಲಕವನ್ನು ಮುಚ್ಚುತ್ತಿತ್ತು. ವೈದ್ಯರ ಪರವಾನಗಿ ಪರೀಕ್ಷೆಗೆ ಓದುವವರು ನಿದ್ದೆಗೆಟ್ಟು, ಊಟ ಬಿಟ್ಟು, ತಾವೇ ರೋಗಿಗಳಾಗಿ ಆಸ್ಪತ್ರೆ ಸೇರತೊಡಗಿದ್ದರಿಂದ ಪಠ್ಯವೆಲ್ಲ ಈಗ ಈ ಪಟ್ಟಿಯ ಹಿಡಿತದಲ್ಲಿತ್ತು. ಕಾಗದದ ಪುಸ್ತಕಗಳು ನಿಂತು ಎಷ್ಟೋ ಕಾಲವಾಗಿತ್ತು.

ನೀಲಾಂಬಿಕೆ ಹೊರದೇಶದಲ್ಲಿ ವೈದ್ಯಕೀಯ ಮುಗಿಸಿ ಬಂದವಳು. ಈ ಪರೀಕ್ಷೆಯಲ್ಲಿ ಆಗಲೇ ಎರಡು ಸಲ ನಪಾಸಾಗಿದ್ದಳು. ಇದು ಕೊನೆಯ ಅವಕಾಶ. ತಪ್ಪಿದರೆ ಒಂದು ಜ್ವರಕ್ಕೂ ಮದ್ದು ಬರೆಯುವ ಹಾಗಿರಲಿಲ್ಲ. ಪಟ್ಟಿಯನ್ನು ರೂಪಿಸಿದ ವಿಜ್ಞಾನಿ ಪದ್ಮರಾಜ ಉಪಾಧ್ಯೆಯವರಿಗೇ ಫೋನು ಮಾಡಿದಳು.

“ತುಂಬಿದ ಕೊಡಕ್ಕ ನೀರ ಹಾಕಿದ್ರ ಅಂಗಳ ತೋಯ್ತೈತಿ, ಅಷ್ಟ ನೋಡ್ರಿ,” ಎಂದರು ಅವರು.

“ಅಂಗಳ ತೋಯ್ಲಿ ಸರ್. ನನ್ನ ಓದಾಕ ಬಿಡ್ರಿ.”

ಅವರು ಬಿಡಲಿಲ್ಲ.

ಆಕೆ ಗದಗಿನಲ್ಲಿ ಬಾಡಿಗೆಗಿದ್ದದ್ದು ಕಲ್ಲವ್ವನ ಖಾನಾವಳಿಯ ಮೇಲಿನ ಕೋಣೆಯಲ್ಲಿ. ಎಪ್ಪತ್ತು ದಾಟಿದ ಕಲ್ಲವ್ವ ಒಲೆಯನ್ನು ಸೊಸೆಗೆ ಬಿಟ್ಟು, ಸೊಪ್ಪು ಸೋಸುತ್ತ ಕೂರುತ್ತಿದ್ದಳು. ಪಟ್ಟಿಗೆ ದಣಿಯದ ತಲೆ ಬೇಕು ತಾನೆ? ನೀಲಾಂಬಿಕೆಗೆ ಉಪಾಯ ಹೊಳೆಯಿತು.

“ಆಯಿ, ಇದನ್ನ ಹಣಿಗೆ ಕಟ್ಕೊಂಡು ಸುಮ್ನ ಕೂಡ್ರು. ನಾ ಓದ್ಕೊಂತೀನಿ.”

“ನನ್ನ ತಲಿ ಖಾಲಿ ಗಡಗಿ ಐತೆವ್ವಾ.”

“ಖಾಲೀದ ಬೇಕಾಗೇತಿ.”

“ಹಂಗಾರ ನನ್ನ ಮಗನ್ನ ಕರಿ. ಅವಂದು ಇನ್ನೂ ಖಾಲಿ ಐತಿ.”

ಪಟ್ಟಿ ಕಟ್ಟಿದೊಡನೆ ಫಲಕ ತೆರೆಯಿತು. ತುಸು ಹೊತ್ತಿಗೆ ಮತ್ತೆ ಮುಚ್ಚಿತು. ಕಲ್ಲವ್ವನ ಚಿತ್ತ ಸೊಪ್ಪಿನ ಮೇಲಿತ್ತು, ಅಲೆ ಎಲ್ಲಿಂದ ಏಳಬೇಕು? ಅದು ಮತ್ತೆ ತೆರೆದಾಗ ನೀಲಾಂಬಿಕೆ ಗಟ್ಟಿಯಾಗಿ ಓದಿದಳು. ಇಂಗ್ಲಿಷಿಗೂ ಅಲೆ ಏಳಲಿಲ್ಲ. ವಿಧಿಯಿಲ್ಲದೆ ಬಿಡಿಸಿ ಹೇಳತೊಡಗಿದಳು.

“ಎದಿಯೊಳಗ ನಾಕು ಖೋಲಿ ಅದಾವು ಆಯಿ. ಬಾಗಲಾ ಒಂದ ಕಡೀಗೆ ತೆರೀತಾವು.”

“ರಕ್ತ ತಿರುಗಿ ಬಂದ್ರ?”

“ಬಾರದಂಗ ಬಾಗಲಾ ಹಾಕ್ಕೊಂತಾವು.”

“ಸರಿಯಾಗಿ ಹಾಕ್ಕೊಳ್ಳದಿದ್ರ?”

ಆ ರೋಗದ ಹೆಸರು ನೀಲಾಂಬಿಕೆಗೆ ಬಾಯಿಪಾಠ; ಒಳಗೆ ನಡೆಯುವುದೇನೆಂದು ಹೇಳಲು ಬರಲಿಲ್ಲ. ಹಿಂದಕ್ಕೆ ಹೋಗಿ ಓದಿ, ತಾನು ತಿಳಿದುಕೊಂಡು, ಆಮೇಲೆ ಹೇಳಿದಳು. ಮುದುಕಿಗೆ ಅರ್ಥವಾಗುತ್ತಿದ್ದರಿಂದ ಈ ಸಲ ಫಲಕ ತೆರೆದೇ ಇತ್ತು.

ಅಂದಿನಿಂದ ಓದಿನ ದಿನಚರಿ ಕಲ್ಲವ್ವನದಾಯಿತು. ಬೆಳಿಗ್ಗೆ ಚಹಾ ಕುಡಿದ ಮೇಲೆ ಪಾಠ. ಮಧ್ಯಾಹ್ನ ಮುದುಕಿ ಉಂಡು ಅಡ್ಡಾದಳೆಂದರೆ ಫಲಕವೂ ಬಂದ್. ನೀಲಾಂಬಿಕೆಯೂ ಬೇರೆ ದಾರಿ ಕಾಣದೆ ಕಣ್ಣು ಮುಚ್ಚುವಳು. ಸಂಜೆ ಕಲ್ಲವ್ವ ಕಾಯಿಪಲ್ಲೆಗೆ ಹೊರಟರೆ ಇವಳು ಚೀಲ ಹಿಡಿದು ಹಿಂದೆ. ಬಿಸಿ ರೊಟ್ಟಿ ಆರಲು ಬಿಟ್ಟವರ ಪಾಠಕ್ಕೆ ತಾನು ಕೂರುವುದಿಲ್ಲ ಎಂಬುದು ಮುದುಕಿಯ ಕಟ್ಟಳೆ. ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಅವಳಿಗೆ ಆಕಳಿಕೆ, ಅಲ್ಲಿಗೆ ಓದು ಮುಗಿಯಿತು. ನೀಲಾಂಬಿಕೆಯೂ ದೀಪ ಆರಿಸಿ ಮಲಗುವಳು.

ಪರೀಕ್ಷೆಯ ಕೋಣೆಗೆ ಪಟ್ಟಿ ಒಯ್ಯುವಂತಿರಲಿಲ್ಲ. ತನ್ನ ತಲೆಯನ್ನಷ್ಟೇ ಒಯ್ದಳು, ಬರೆದಳು, ಪಾಸಾದಳು.

ಪರೀಕ್ಷೆ ಮುಗಿಯುವವರೆಗೆಂದು ಕೊಟ್ಟಿದ್ದ ಪಟ್ಟಿಯನ್ನು ಮರಳಿ ಪಡೆಯಲು ಪದ್ಮರಾಜರೇ ಗದಗಿಗೆ ಬಂದರು. ಅದರಲ್ಲಿ ದಾಖಲಾಗಿದ್ದ ಅಲೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. “ಇದು ನಿಮ್ಮ ತಲಿ ಅಲ್ಲ. ಮುಪ್ಪಿನ ಮಿದುಳು.”

ನೀಲಾಂಬಿಕೆ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. “ಪರವಾನಗಿ ಹೋಗ್ತೈತೇನ್ರಿ ಸರ್?”

“ಪರೀಕ್ಷಾ ನೀವ ಬರದೀರಿ, ಯಾಕ ಹೋಗ್ತೈತಿ?” ಅವರ ಕಣ್ಣು ಇನ್ನೂ ಅಲೆಗಳ ಮೇಲಿತ್ತು. “ದಣದವರನ್ನ ನಿಲ್ಲಸಾಕಂತ ನಾ ಇದನ್ನ ಮಾಡಿದ್ದೆ. ಈ ವಯಸ್ಸಿನ ತಲಿ ದಿನಾ ಹೆಚ್ಚಿಗಿ ಹಿಡಕೊಂತ ಹೋಗೇತಿ. ಹಿಂಗಾಗ್ತೈತಂತ ನಾವ್ಯಾರೂ ಎಣಿಸಿರಲಿಲ್ಲ.”

ನೀಲಾಂಬಿಕೆ ಕಲ್ಲವ್ವನ ಕಾಲು ಮುಟ್ಟಿದಳು. “ನೀ ಇರದಿದ್ರ ನಾ ಡಾಕ್ಟರ್ ಆಗ್ತಿರಲಿಲ್ಲ ಆಯಿ.”

“ನಾ ಏನ್ ಮಾಡೇನಿ, ಕುಂತಿದ್ದೆ,” ಎಂದ ಕಲ್ಲವ್ವ, ವಿಜ್ಞಾನಿಯ ಕೈಯಿಂದ ಪಟ್ಟಿಯನ್ನು ಮೆಲ್ಲಗೆ ತೆಗೆದುಕೊಂಡಳು. “ಅರ್ಧಕ್ಕ ಒಯ್ದ್ರ ಹೆಂಗ್ರಿ ಸಾಹೇಬ್ರ? ಪರೀಕ್ಷಾ ಬಂತಂತ ಇಕಿ ಕಣ್ಣಿನ ಪಾಠ ಒಬ್ಬಾಕೀನ ಓದ್ಯಾಳ. ನನ್ನ ಎಡಗಣ್ಣಿಗೆ ಪರದಿ ಬರಾಕತ್ತೇತಿ. ಅದೇನಂತ ತಿಳಕೊಂಡು ಕೊಡ್ತೀನಿ.”

ಪದ್ಮರಾಜರು ಚಾಪೆಯ ತುದಿಯಲ್ಲಿ ಕುಳಿತರು. ನೀಲಾಂಬಿಕೆ ಫಲಕವನ್ನು ಮುಟ್ಟಲಿಲ್ಲ. ಮುದುಕಿಯ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, “ಕಣ್ಣೊಳಗ ಒಂದ ಸಣ್ಣ ಭೂತಗನ್ನಡಿ ಐತಿ ಆಯಿ,” ಎಂದು ತನ್ನ ಮೊದಲ ರೋಗಿಗೆ ಹೇಳತೊಡಗಿದಳು.